ಹರ್ಜಿ ಹಿಂದಕ್ಕೆ ತಗೊ

ಜೂನ್ 5, ಬೆಳಿಗ್ಗೆ 8.40. ಮಳವಳ್ಳಿ ತಾಲ್ಲೂಕಿನ ಮಾರಗೌಡನಕೊಪ್ಪಲಿನ ಇಂದ್ರಮ್ಮ ಮಗಳ ಕೈ ಹಿಡಿದುಕೊಂಡೇ ಠಾಣೆಯ ಮೆಟ್ಟಿಲು ಹತ್ತಿದರು. ಕೂತ ಮೇಲೂ ಆ ಕೈ ಬಿಡಲಿಲ್ಲ. ಮಗಳು ಅರ್ಪಿತಳಿಗೆ ಇಪ್ಪತ್ತೆರಡು ವರ್ಷ. ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದಳು.

"ಏನಾಯ್ತಮ್ಮ?" ಸಬ್ ಇನ್‌ಸ್ಪೆಕ್ಟರ್ ಅರುಂಧತಿ ಕೇಳಿದರು.

"ಇವ್ಳ ಗಾಡಿ ಸೀಟು ಸುಟ್ಟೋಗದೆ ಮೇಡಂ. ಬೆಂಕಿ ಅಲ್ಲ, ಆಸಿಡ್ಡು. ಇವತ್ತು ಸೀಟು. ನಾಳೆ ಇವ್ಳ ಮಕಕ್ಕೆ ಉಯ್ದ್ರೆ ನಾನೇನ್ ಮಾಡ್ಲಿ?"

ಇಂದ್ರಮ್ಮ ಎರಡು ಚೀಟಿ ಮೇಜಿನ ಮೇಲಿಟ್ಟರು. ಮೇ 30ರಂದು ಒಂದು, ಜೂನ್ 2ರಂದು ಒಂದು, ಮನೆ ಬಾಗಿಲ ಸಂದಿಯಲ್ಲಿ ಬಂದಿದ್ದವು. ಮಗಳು ಎರಡನ್ನೂ ಪುಸ್ತಕದಡಿ ಬಚ್ಚಿಟ್ಟಿದ್ದಳು. ತಾಯಿಗೆ ಸಿಕ್ಕಿದ್ದು ಅವತ್ತು ಬೆಳಿಗ್ಗೆ, ಸೀಟು ಸುಟ್ಟ ಮೇಲೆ.

ಎರಡನೆಯ ಚೀಟಿಯಲ್ಲಿ ಹೀಗಿತ್ತು: "ಹರ್ಜಿ ಹಿಂದಕ್ಕೆ ತಗೊ. ಹತಿಯಾಸೆ ಬೇಡ. ಇಲ್ಲದಿದ್ದರೆ ಮುಖದ ಮೇಲೆ ಹಾಸಿಡ್ ಬೀಳುತ್ತದೆ."

ಅರ್ಜಿ ಯಾವುದೆಂದು ಅರ್ಪಿತ ಮೆಲ್ಲಗೆ ಹೇಳಿದಳು. ಊರಿನ ಸರ್ಕಾರಿ ಶಾಲೆಯಲ್ಲಿ ಒಂದೇ ಒಂದು ಅತಿಥಿ ಶಿಕ್ಷಕರ ಜಾಗ. ವರ್ಷಕ್ಕೊಮ್ಮೆ ಹೊಸದಾಗಿ ಆಯ್ಕೆ. ಈ ಸಲದ ಸುತ್ತೋಲೆಯ ಪ್ರಕಾರ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾದವರಿಗೆ ಮೊದಲ ಆದ್ಯತೆ. ಅರ್ಜಿ ಹಾಕಿದ್ದ ಆರು ಜನರಲ್ಲಿ ಪಾಸಾಗಿದ್ದವಳು ಅವಳೊಬ್ಬಳೇ.

"ಅಕ್ಷರ ಯಾರದು ಅನ್ನಿಸುತ್ತೆ?"

"ಗೊತ್ತಿಲ್ಲ ಮೇಡಂ," ಎಂದಳು ಅರ್ಪಿತ ನೆಲ ನೋಡುತ್ತ.

9.30ಕ್ಕೆ ಎಫ್‌ಐಆರ್ ದಾಖಲಾಯಿತು. ಅನಾಮಧೇಯ ಪತ್ರದ ಮೂಲಕ ಜೀವಬೆದರಿಕೆ, ಸ್ವತ್ತು ಹಾನಿ. 11 ಗಂಟೆಗೆ ಇಬ್ಬರು ಪಂಚರ ಮುಂದೆ ಸ್ಕೂಟರಿನ ಮಹಜರು ನಡೆಯಿತು. ಸೀಟಿನ ರೆಕ್ಸಿನ್ ಕರಗಿ ಒಳಗಿನ ಸ್ಪಂಜು ಕಂದಿತ್ತು. ಅರುಂಧತಿ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಹೆಣ ನೋಡಿದವರು. ಆದರೂ ಆ ಕುಳಿ ನೋಡಿದಾಗ ಅವರ ಕೈ ತಾನಾಗಿ ಕೆನ್ನೆಗೆ ಹೋಯಿತು. ಊರಿನ ಹೆಂಗಸರಂತೂ ಬೀದಿಯಲ್ಲಿ ಆಡುತ್ತಿದ್ದ ಹೆಣ್ಣುಮಕ್ಕಳನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕಿಕೊಂಡರು.

ಮೊದಲು ಸಿಕ್ಕಿದ ಹೆಸರು ತೇಜು. ಮದ್ದೂರು ಹತ್ತಿರದ ಗೆಜ್ಜಲಗೆರೆಯ ಕಾರ್ಖಾನೆಯೊಂದರ ಕೆಲಸಗಾರ. ಹೆಣ್ಣು ಕೇಳಲು ಬಂದು, ಇಲ್ಲ ಅನ್ನಿಸಿಕೊಂಡು ಹೋಗಿದ್ದವನು. ಹೆಡ್ ಕಾನ್‌ಸ್ಟೇಬಲ್ ಬೋರಯ್ಯ ಮದ್ದೂರಿಗೆ ಹೋಗಿ ಅವನನ್ನು ಹಿಡಿದು ಕೇಳಿದರು.

"ನಾಕನೇ ತಾರೀಕು ರಾತ್ರಿ ಎಲ್ಲಿದ್ಯಲಾ?"

"ಪಾಳಿಲಿದ್ದೆ ಸಾರ್. ಪಂಚಿಂಗ್ ನೋಡ್ಕಳಿ. ಇಲ್ಲ ಅಂದೋರ್ ಮನೆ ತಾವ್ಕೆ ಯಾಕೋಗ್ಲಿ?"

ಪಂಚಿಂಗ್ ದಾಖಲೆ ಅವನ ಪರವಾಗಿತ್ತು. ಬೋರಯ್ಯ ಬರಿಗೈಲಿ ವಾಪಸಾದರು.

ಸಂಜೆ ಅರುಂಧತಿ ಚೀಟಿಗಳನ್ನು ಮತ್ತೆ ಮುಂದಿಟ್ಟುಕೊಂಡರು. "ಓದು ಬಾರದವರು ಬರೆದಿದ್ದು ಅನ್ನೋಣ ಅಂದರೆ ಒತ್ತಕ್ಷರ ಒಂದೂ ತಪ್ಪಿಲ್ಲ. ಅಕ್ಷರ ಮುತ್ತಿನ ಹಾಗಿದೆ. ಹರ್ಜಿ, ಹತಿಯಾಸೆ, ಹಾಸಿಡ್. ತಪ್ಪಿರೋದು ಇವಿಷ್ಟೇ."

ಕೆರಗೋಡಿನವರಾದ ಬೋರಯ್ಯ ನಕ್ಕರು. "ಇದು ಏಟು ತಿಂದೋರ ತಪ್ಪು ಮೇಡಂ. ನಮ್ ಕಡೆ ಬಾಯಲ್ಲಿ ಹ ನಿಲ್ಲಾಕಿಲ್ಲ. ಅಳ್ಳಿ ಅಂದ್ರೆ ಮೇಷ್ಟ್ರು ಏಟು, ಅಸು ಅಂದ್ರೆ ಏಟು. ಆಮೇಲೆ ಎದ್ರಿಕೆಗೆ ಎಲ್ಲಕ್ಕೂ ಹ ಆಕ್ಬುಟ್ಟೆ. ನಮ್ಮಣ್ಣಂಗೆ ಪ್ರೀತಿಯ ಹಣ್ಣನಿಗೆ ಅಂತ ಕಾಗ್ದ ಬರ್ದಿದ್ದೆ."

ಅರುಂಧತಿ ನಗಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದರು. ಅದು ಮಕ್ಕಳು ಕಾಪಿ ಬರೆಯುವ ಎರಡು ಗೆರೆ ಪುಸ್ತಕದ ಹಾಳೆಯಾಗಿತ್ತು.

ಜೂನ್ 6, ಬೆಳಿಗ್ಗೆ 10.50. ಮುಖ್ಯ ಶಿಕ್ಷಕ ಮರಿಸಿದ್ದಯ್ಯ ಪೊಲೀಸ್ ಜೀಪು ನೋಡಿಯೇ ಬೆವತರು. ಅರ್ಜಿಗಳ ಕಡತ ಕೇಳಿದರೆ ಎಲ್ಲವೂ ಕಂಪ್ಯೂಟರಿನಲ್ಲಿ ತುಂಬಿದವು. ಕೈಬರಹವೆಂದರೆ ಸಹಿ ಮಾತ್ರ. ಅರುಂಧತಿ ಕಡತ ಬಿಟ್ಟು ನಾಲ್ಕನೇ ತರಗತಿಗೆ ನಡೆದು, ಮುಂದಿನ ಸಾಲಿನ ಹುಡುಗಿಯ ಕಾಪಿ ಪುಸ್ತಕ ತೆರೆದರು. ಪ್ರತಿ ಪುಟದ ತಲೆಯಲ್ಲೂ ಕೆಂಪು ಶಾಯಿಯಲ್ಲಿ ಟೀಚರು ಬರೆದುಕೊಟ್ಟ ಒಂದು ಸಾಲು, ಕೆಳಗೆ ಮಗು ಹತ್ತು ಸಲ ತಿದ್ದಿದ ಸಾಲು. ಮೂರನೇ ಪುಟದಲ್ಲಿ ಹೀಗಿತ್ತು: ಹತಿಯಾಸೆ ಗತಿಕೇಡು.

ಬರೆದುಕೊಟ್ಟವರು ಬೋರ್ಡಿನ ಬಳಿ ನಿಂತಿದ್ದ ನಾಗರತ್ನ. ಗಂಡನಿಲ್ಲದ ಹೆಂಗಸು. ಹನ್ನೆರಡು ವರ್ಷದಿಂದ ಇಲ್ಲೇ ಅತಿಥಿ ಶಿಕ್ಷಕಿ. ಹೊಸ ಆಯ್ಕೆ ಆಗುವತನಕ ಪಾಠ ನಡೆಸುತ್ತಿದ್ದರು. ಆರು ಅರ್ಜಿಗಳಲ್ಲಿ ಅವರದೂ ಒಂದು. ಅವರ ಮೇಲೆ ಯಾರೂ ಅನುಮಾನ ಪಟ್ಟಿರಲಿಲ್ಲ, ಯಾಕೆಂದರೆ ಊರಿನ ಅರ್ಧ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರೇ. ಅರ್ಪಿತಳಿಗೂ ಅವರೇ ಮಿಸ್ಸು.

"ಈ ಸಾಲು ಯಾರು ಬರೆದಿದ್ದು?"

"ನಾನೇ ಮೇಡಂ. ಗಾದೆ."

"ಮೊದಲ ಪದ ಓದಿ."

"ಹತಿಯಾಸೆ."

"ಅತಿಯಾಸೆ ಅಲ್ಲವಾ?"

ನಾಗರತ್ನ ಪುಸ್ತಕ ನೋಡಿದರು. ಮಕ್ಕಳನ್ನು ನೋಡಿದರು. ಆ ಪದದ ಮೇಲೆ ಅಂಗೈ ಮುಚ್ಚಿದರು. ಚೀಟಿಯನ್ನು ಅರುಂಧತಿ ಇನ್ನೂ ಹೊರಗೇ ತೆಗೆದಿರಲಿಲ್ಲ. ಪೊಲೀಸರಿಗಿಂತ ಆ ಒಂದು ಅಕ್ಷರಕ್ಕೆ ಹೆಚ್ಚು ಹೆದರಿದ ಆರೋಪಿಯನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಚೀಟಿಯನ್ನು ಕಾಪಿ ಪುಸ್ತಕದ ಪಕ್ಕಕ್ಕಿಟ್ಟಾಗ ನಾಗರತ್ನ ಏನನ್ನೂ ಅಲ್ಲಗಳೆಯಲಿಲ್ಲ. "ಮಕ್ಕಳ ಮುಂದೆ ಬ್ಯಾಡಿ ಮೇಡಂ," ಎಂದಷ್ಟೇ ಕೇಳಿದರು. ಶೌಚಾಲಯ ತೊಳೆಯುವ ಆಸಿಡ್ ಬಾಟಲಿಯನ್ನು ತಾವೇ ತೋರಿಸಿದರು. ಪಂಚನಾಮೆ ಬರೆದು ಬಾಟಲಿ, ಕಾಪಿ ಪುಸ್ತಕ ಎರಡನ್ನೂ ವಶಕ್ಕೆ ಪಡೆದರು. 3.10ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಮಾಯಮ್ಮನ ಸಮ್ಮುಖದಲ್ಲಿ ದಸ್ತಗಿರಿ ಆಯಿತು.

ಠಾಣೆಯಲ್ಲಿ ಹೇಳಿಕೆ ಚಿಕ್ಕದು.

"ಟಿಇಟಿ ಎಷ್ಟು ಸಲ ಬರೆದಿರಿ?"

"ಮೂರು. ತೊಂಬತ್ತು ಬೇಕು. ಎಂಬತ್ತೇಳು, ಎಂಬತ್ತೊಂಬತ್ತು, ಎಂಬತ್ತೆಂಟು ಬಂತು."

"ನಿಮ್ಮ ಕೈಲಿ ಕಲಿತ ಹುಡುಗಿ ಅವಳು."

"ಊಂ. ಪ್ರತಿ ಜೂನ್ ಬಂದ್ರೆ ನಂಗೆ ಎದೆ ಒಡ್ಕತದೆ ಮೇಡಂ. ಈ ವರ್ಷ ಇಟ್ಕೊತಾರೋ, ಬುಡ್ತಾರೋ. ಹನ್ನೆರಡು ಜೂನು ಇಂಗೇ ಕಳೆದೆ. ಊರಲ್ಲಿ ಎಲ್ರೂ ಮಿಸ್ಸು ಅಂತಾರೆ. ಇಸ್ಕೂಲ್ ಬುಟ್ರೆ ಸತ್ತೋದೋನ್ ಹೆಂಡ್ತಿ ಅಂತಾರೆ, ಅಷ್ಟೇಯ. ಅವ್ಳ ಮೈ ಮುಟ್ಟಾ ಉದ್ದೇಸ ಇರ್ನಿಲ್ಲ. ಎದ್ರಿ ಬುಟ್ಬುಡ್ಲಿ ಅಂತ ಮಾಡ್ದೆ."

5.15ಕ್ಕೆ ಮರಿಸಿದ್ದಯ್ಯ ತಾವಾಗಿಯೇ ಠಾಣೆಗೆ ಬಂದರು. ಹಿಂದೆ ಅರ್ಪಿತ ಇದ್ದಳು. ಮುಖದ ಮೇಲೆ ದುಪಟ್ಟಾ ಇರಲಿಲ್ಲ. ಮುಖ್ಯ ಶಿಕ್ಷಕರು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು.

"ಮೂರನೇ ತಾರೀಕೇ ಕೊಟ್ಟಿದ್ಲು ಮೇಡಂ. ಡ್ರಾಯರ್‌ನಲ್ಲೇ ಇಟ್ಕೊಂಡಿದ್ದೆ. ಟಿಇಟಿ ಆದೋಳ್ನ ಯಾಕ್ ಬುಟ್ರಿ ಅಂತ ಮೇಲ್ನೋರು ಕೇಳಿದ್ರೆ ನನ್ ತಲೆ ಮೇಲೆ ಬತ್ತದೆ ಅಂತ ಎದ್ರಿ, ಯಾರ್ಗೂ ಹೇಳ್ನಿಲ್ಲ."

ಅದು ಅರ್ಜಿ ಹಿಂಪಡೆಯುವ ಪತ್ರ. ಸೀಟಿಗೆ ಆಸಿಡ್ ಬೀಳುವ ಮೊದಲೇ ಬರೆದಿದ್ದು.

"ಯಾಕಮ್ಮ?" ಅರುಂಧತಿ ಕೇಳಿದರು.

"ಮೊದಲ್ನೇ ಚೀಟಿ ನೋಡ್ದಾಗ್ಲೇ ಗೊತ್ತಾಯ್ತು ಮೇಡಂ. ಮಿಸ್ ಅಕ್ಷರ ನಂಗೆ ಗೊತ್ತಾಗಲ್ವಾ? ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊಂದು ಭಯ ಆಗ್ತಿರ್ಲಿಲ್ಲ."

ಅರುಂಧತಿ ಆ ಪತ್ರವನ್ನು ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದ ನಾಗರತ್ನರ ಕೈಗೆ ಕೊಟ್ಟರು. ನಾಗರತ್ನ ತಾರೀಖನ್ನು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಅರ್ಪಿತಳಿಗೆ ಜಾಗ ಬಿಟ್ಟರು. ಅರ್ಪಿತ ನಿಂತೇ ಇದ್ದಳು. ಅವಳಿಗೆ ಕೂರಲು ಇನ್ನೂ ಹೆದರಿಕೆಯಾಗುತ್ತಿತ್ತು.