ಬೆಕ್ಕಿಗೆ ಕಾರು ಕಲಿಸಿದ ಹದಿನೈದು ಸಂಜೆ

ಬೆಕ್ಕನ್ನು ಬಿಟ್ಟು ಹೋಗುವುದಿಲ್ಲ ಎಂದು ನಾನು ತೀರ್ಮಾನಿಸಿಯಾಗಿತ್ತು. ಹೊಸ ಊರು ಒಂಬೈನೂರು ಕಿಲೋಮೀಟರ್ ದೂರ. ಅಲ್ಲಿನ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಕೆಲಸ, ಎರಡು ವಾರ ಬಿಟ್ಟು ಬರುವ ಸೋಮವಾರ ಸೇರಬೇಕು.

"ಅಲ್ಲಿ ಬೆಕ್ಕು ಸಿಗಲ್ವೇನೇ? ಇದನ್ನ ಯಾರಿಗಾದ್ರೂ ಕೊಟ್ಟು ಹೋಗು," ಎಂದು ಅಕ್ಕ ತಲೆ ತಿಂದಳು.

"ಅಕ್ಕನೂ ಸಿಗ್ತಾಳೆ ಬಿಡು ಅಲ್ಲಿ," ಎಂದೆ. ಎರಡು ದಿನ ಮಾತು ಬಿಟ್ಟಳು.

ತೊಂದರೆ ಒಂದೇ. ನಾವು ದೊರೆ ಎಂದು ಕರೆಯುವ ಆ ಮಹಾಶಯ ಕಾರು ಹತ್ತಿದ ಎರಡೇ ನಿಮಿಷಕ್ಕೆ ವಾಂತಿ ಮಾಡುತ್ತಿದ್ದ. ಹಿಂದಿನ ಸೀಟಿಗೆ ಬೋನು ಬಿಗಿಸಲು ಅವನನ್ನೂ ಕರೆದುಕೊಂಡು ಬೀದಿ ಕೊನೆಯ ಗ್ಯಾರೇಜಿಗೆ ಹೋದೆ. ಅಣ್ಣ ತಮ್ಮ ಇಬ್ಬರೇ ನಡೆಸುವ ಗ್ಯಾರೇಜು. ಅವರಲ್ಲಿ ಕಿರಿಯವರು ಬಗ್ಗಿ ಬೆಕ್ಕಿನ ಮುಖ ನೋಡಿದರು.

"ಬೋನು ಆಮೇಲೆ. ಮೊದಲು ಇವನಿಗೆ ಕಾರು ಅಭ್ಯಾಸ ಆಗ್ಬೇಕು. ದಿನಾ ಸಂಜೆ ಕರ್ಕೊಂಡು ಬನ್ನಿ."

"ನಂಗೆ ಇರೋದು ಹದಿನೈದೇ ದಿನ."

"ಇವನಿಗೆ ಅಷ್ಟು ಸಾಕು," ಎಂದು ಆಗ ನನ್ನ ಕಡೆ ನೋಡಿದರು. ಹುಬ್ಬಿಗೆ ಗ್ರೀಸ್ ಮೆತ್ತಿತ್ತು. ನಾನು ಹೇಳಲಿಲ್ಲ, ಹಾಗೇ ಚೆನ್ನಾಗಿತ್ತು.

ಮೊದಲ ಮೂರು ಸಂಜೆ ಎಂಜಿನ್ನೇ ಆನ್ ಮಾಡಲಿಲ್ಲ. ನಾನು ಸ್ಟೀರಿಂಗ್ ಮುಂದೆ, ಅವರು ಹಿಂದೆ ದೊರೆಯ ಪಕ್ಕ, ನಿಂತ ಕಾರಿನಲ್ಲಿ ಸುಮ್ಮನೆ ಕೂತೆವು. ಆಮೇಲೆ ಬೀದಿ ಸುತ್ತಿದೆವು, ಊರಾಚೆಯ ಸೇತುವೆಯವರೆಗೂ ಹೋಗಿಬಂದೆವು. ಕನ್ನಡಿಯಲ್ಲಿ ಆಗಾಗ ಅವರ ಕಣ್ಣು ಸಿಗುತ್ತಿತ್ತು.

"ರೋಡ್ ನೋಡಿ."

"ಕನ್ನಡಿ ನೋಡೋದೂ ಡ್ರೈವಿಂಗೇ."

"ಹಿಂದೆ ಬರೋರನ್ನ ನೋಡ್ಬೇಕು. ಹಿಂದೆ ಕೂತೋರನ್ನಲ್ಲ."

ಕಿವಿಯ ತುದಿಯವರೆಗೂ ಬಿಸಿಯಾಯಿತು. ಗೇರು ತಪ್ಪಿ ಕಾರು ಎಗರಿತು, ದೊರೆ ನನ್ನನ್ನು ದುರುಗುಟ್ಟಿ ನೋಡಿದ.

ಮನಸ್ಸಿನ ಮಾತು ಹೇಳುವುದಿದ್ದರೆ ಅವರೇ ಮೊದಲು ಹೇಳಲಿ ಎಂದು ಹಟ ಹಿಡಿದೆ. ಹದಿನೈದನೇ ಸಂಜೆ ಅವರು ಬೋನು ಬಿಗಿದರು, ಆಯಿಲ್ ನೋಡಿದರು, ಟಯರಿಗೆ ಗಾಳಿ ಹಾಕಿದರು, "ಹುಷಾರು" ಎಂದರು. ಅಷ್ಟೇ. ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಬೆಳಿಗ್ಗೆ ಹೊರಟೆ. ದೊರೆಗೆ ವಾಂತಿಯಿಲ್ಲ, ಆದರೆ ಪಕ್ಕದ ಖಾಲಿ ಸೀಟು ನೋಡಿ ಒಂದೇ ಸಮನೆ ಕೂಗತೊಡಗಿದ. ಅವರಿಲ್ಲದೆ ಒಂದು ಸಲವೂ ಓಡಿಸಿ ನೋಡಿರಲಿಲ್ಲ. ಇಬ್ಬರಿಗೂ ಅದು ಹೊಳೆದಿರಲಿಲ್ಲ. ಸೇತುವೆ ದಾಟುವಷ್ಟರಲ್ಲಿ ಕೂಗಿ ಸುಸ್ತಾಗಿ ಮಲಗಿದ. ಇನ್ನು ಯಾವ ತೊಂದರೆಯೂ ಇರಲಿಲ್ಲ. ನಾನು ಕಾರನ್ನು ಗ್ಯಾರೇಜಿನ ಕಡೆಗೆ ತಿರುಗಿಸಿದೆ.

ಅವರು ಸ್ಪ್ಯಾನರ್ ಹಿಡಿದೇ ಓಡಿಬಂದರು. "ಏನಾಯ್ತು? ಹಟ ಮಾಡಿದ್ನಾ?"

"ಮಾಡ್ದ. ಈಗ ಮಲಗಿದಾನೆ. ಅವನಿಗೆ ನೀವು ಬೇಕಾಗಿಲ್ಲ. ನಂಗೆ ಬೇಕು."

ಅವರು ಸ್ಪ್ಯಾನರ್ ನೆಲಕ್ಕಿಟ್ಟರು. "ಆರನೇ ದಿನಕ್ಕೇ ಇವನು ಕಲ್ತಿದ್ದ. ನಾನೇ ಹೇಳ್ಲಿಲ್ಲ. ನಿಮ್ಮನ್ನ ನಿಲ್ಸೋಕೆ ನಾನ್ಯಾರು ಅಂತ ಉಳಿದಿದ್ದನ್ನೂ ಹೇಳ್ಲಿಲ್ಲ."

"ನಿಲ್ಸಿ ಅಂತ ಯಾರು ಕೇಳಿದ್ರು? ನಾನು ಹೋಗೇ ಹೋಗ್ತೀನಿ. ನೀವು ಬರ್ತೀರಾ?"

ಒಳಗಿನಿಂದ ಅವರ ಅಣ್ಣ ಕೂಗಿದರು: "ಹೋಗೋ ಮಾರಾಯ! ಕೆಟ್ಟ ಕಾರು ಎಲ್ಲಾ ಊರಲ್ಲೂ ಇರ್ತವೆ."

ಅವರು ನಕ್ಕರು, ಮತ್ತೆ ಗಂಭೀರರಾದರು. "ಬೆಕ್ಕಿಗೋಸ್ಕರ ಆಗಿದ್ರೆ ಹೀಗೇ ಹತ್ತಿಬಿಡ್ತಿದ್ದೆ. ನಿಮಗೋಸ್ಕರ ಅಂದ್ರೆ ಬಟ್ಟೆ ತರ್ಬೇಕು."

"ತನ್ನಿ," ಎಂದೆ. "ಎಲ್ಲಾ ತನ್ನಿ."