ದೀಪ ಹಚ್ಚುವ ಹೊತ್ತಿನ ನಿದ್ದೆ

“ಅಕ್ಕಾ, ಏಳು. ಬೆಳಗಾಯ್ತು.”

ಕಿಟ್ಟಿ ತನ್ನ ಪುಟ್ಟ ಬೆರಳಿನಿಂದ ಪಂಕಜಾಳ ರೆಪ್ಪೆಯನ್ನು ಮೇಲಕ್ಕೆತ್ತುತ್ತಿದ್ದ. ಬೆಳಗಾಗಿರಲಿಲ್ಲ. ಗೋಡೆಯ ಗಡಿಯಾರ ಆಗಷ್ಟೇ ನಾಲ್ಕು ಹೊಡೆದಿತ್ತು.

“ಮೆಲ್ಲಗೆ ಮಾತಾಡೋ,” ಎಂದು ಪಂಕಜಾ ಅವನನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಎರಡು ವರ್ಷದ ಕಿಟ್ಟಿಗೆ ಮೆಲ್ಲಗೆ ಮಾತನಾಡಲು ಬರುತ್ತಿರಲಿಲ್ಲ. “ಅಮ್ಮ ಬೇಕು” ಎಂದು ಅಳಲು ಶುರುಮಾಡಿದ. ಒಳಗೆ ಮಂಚ ಕಿರುಗುಟ್ಟಿತು. ಅಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು.

ಅಮ್ಮನಿಗೆ ಬಂದಿದ್ದ ಟೈಫಾಯ್ಡ್ ಜ್ವರ ಬಿಟ್ಟು ಹದಿನೈದು ದಿನವಾಗಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಮಾಡದಿದ್ದರೆ ಮತ್ತೆ ಮಲಗಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಕಿಟ್ಟಿ ಮಾತ್ರ ದಿನಾ ನಾಲ್ಕಕ್ಕೇ ಏಳುತ್ತಿದ್ದ.

“ಹೀಗೇ ಆದ್ರೆ ಆಗಲ್ಲ,” ಎಂದರು ಅಪ್ಪ. “ತಿಪಟೂರಿಂದ ಉತ್ತರ ಬಂದಿದೆ. ಭಾನುವಾರ ನಿಮ್ಮ ದೊಡ್ಡಮ್ಮ ಬಂದು ಇವನನ್ನ ಕರ್ಕೊಂಡು ಹೋಗ್ತಾರೆ.”

“ಎಷ್ಟು ದಿನಕ್ಕಪ್ಪಾ?”

“ಎರಡು ಮೂರು ತಿಂಗಳು.”

ಅಂದು ಗುರುವಾರ. ದೊಡ್ಡಮ್ಮನ ಮುಖವೇ ಕಿಟ್ಟಿಗೆ ನೆನಪಿರಲಿಕ್ಕಿಲ್ಲ. ಅಕ್ಕ ಕಲಸಿಕೊಡದಿದ್ದರೆ ಅವನು ಅನ್ನವನ್ನೇ ಮುಟ್ಟುವುದಿಲ್ಲ.

ಪಕ್ಕದ ಮನೆಯ ವಿಮಲಮ್ಮ ಒಂದು ಉಪಾಯ ಹೇಳಿಕೊಟ್ಟರು. “ಚೆನ್ನಾಗಿ ಸುಸ್ತು ಮಾಡ್ಸೇ. ರಾತ್ರಿ ಲೇಟಾಗಿ ಮಲಗಿಸು. ಎಮ್ಮೆ ಹಾಗೆ ಬಿದ್ಕೋತಾನೆ.”

ಆ ಸಂಜೆ ಪಂಕಜಾ ಅವನನ್ನು ಮೈದಾನದ ತುಂಬ ಓಡಿಸಿದಳು. ಆರೂವರೆಗೆ ಅವನ ಕಣ್ಣು ಎಳೆಯತೊಡಗಿತು. ದಿನದಂತೆ ಅಜ್ಜಿ ತಣ್ಣೀರಿನಲ್ಲಿ ಅವನ ಮುಖ ತೊಳೆದು, “ದೀಪ ಹಚ್ಚೋ ಹೊತ್ತು, ಮಲಗಬಾರ್ದು ರಾಜ,” ಎಂದು ದೇವರ ಮುಂದೆ ಕೂರಿಸಿದಳು. ಆಮೇಲೆ ಕಿಟ್ಟಿ ಸುಮ್ಮಸುಮ್ಮನೆ ನಗುತ್ತ, ಅಳುತ್ತ, ಹತ್ತು ಗಂಟೆಯವರೆಗೂ ಕುಣಿದಾಡಿದ.

ಮರುದಿನ ಮೂರೂವರೆಗೇ ಎದ್ದು ಕುಳಿತ.

“ಎಮ್ಮೆ ಎದ್ದಿದೆ,” ಎಂದರು ಅಪ್ಪ. ಯಾರೂ ನಗಲಿಲ್ಲ.

ಸ್ಕೂಲಿನಲ್ಲಿ ಟೀಚರ್ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಪಂಕಜಾ ಬರೆದುಕೊಳ್ಳುತ್ತಿರಲಿಲ್ಲ. ಕಿಟ್ಟಿ ಎಂದಾದರೂ ತಡವಾಗಿ ಎದ್ದದ್ದುಂಟೇ ಎಂದು ಯೋಚಿಸುತ್ತಿದ್ದಳು. ಒಂದೇ ಒಂದು ದಿನ ನೆನಪಾಯಿತು. ಕೆಂಗೇರಿಯಲ್ಲಿ ಗೃಹಪ್ರವೇಶ ಮುಗಿಸಿಕೊಂಡು ಬರುವಾಗ ಅವನು ಬಸ್ಸಿನಲ್ಲೇ, ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಆಗಿನ್ನೂ ಬೀದಿದೀಪ ಹತ್ತಿರಲಿಲ್ಲ. ಮನೆಗೆ ಬಂದು ಹಾಗೇ ಮಲಗಿಸಿದ್ದರು. ಬೆಳಿಗ್ಗೆ ಆರು ಕಳೆದ ಮೇಲೆ ಎದ್ದಿದ್ದ.

ಅಂದು ಅಜ್ಜಿ ಊರಿನಲ್ಲಿರಲಿಲ್ಲ.

“ಬೇಗ ಮಲಗಿದ್ರೆ ಬೇಗ ಏಳಲ್ವೇನೇ?” ಸಂಜೆ ಅವಳ ಮಾತು ಕೇಳಿ ಅಪ್ಪ ಹುಬ್ಬು ಗಂಟಿಕ್ಕಿದರು.

“ಇವನು ಉಲ್ಟಾ ಅಪ್ಪಾ. ಇವತ್ತೊಂದಿನ ನೋಡೋಣ.”

“ಸರಿ. ಐದೂವರೆ ದಾಟಿಸಿದ್ರೆ ಬರಬೇಡಿ ಅಂತ ದೊಡ್ಡಮ್ಮಂಗೆ ಟೆಲಿಗ್ರಾಂ ಕೊಡ್ತೀನಿ. ಅಜ್ಜಿನ ನೀನೇ ಕೇಳ್ಕೋ.”

ಕಿಟ್ಟಿ ಆಗಲೇ ಪಂಕಜಾಳ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಅಜ್ಜಿ ಚೊಂಬಿನಲ್ಲಿ ನೀರು ತಂದಳು.

“ಎಬ್ಬಿಸಬೇಡ ಅಜ್ಜಿ.”

“ಶುಕ್ರವಾರ ಕಣೇ. ಮುಸ್ಸಂಜೇಲಿ ಮಗು ಮಲಗೋದು ಬೇಡ.”

“ಲಕ್ಷ್ಮಿ ಬರಲ್ಲ ಅಂತಾನಾ? ಇವನು ನಿದ್ದೆ ಮಾಡ್ತಿದ್ರೂ ಬರ್ತಾಳೆ. ಎಬ್ಬಿಸಿದ್ರೆ ಕಿಟ್ಟಿನೇ ಹೋಗ್ಬಿಡ್ತಾನೆ, ಅಜ್ಜಿ.”

ಅಜ್ಜಿ ಚೊಂಬು ಕೆಳಗಿಟ್ಟಳು.

“ನಿಮ್ಮಪ್ಪಂಗೆ ಒಬ್ಬಳು ಅಕ್ಕ ಇದ್ದಳು. ಪುಟ್ಟಲಕ್ಷ್ಮಿ ಅಂತ. ಇಷ್ಟೇ ಇದ್ದಳು. ಜ್ವರ ಬಂದಿತ್ತು. ದೀಪ ಹಚ್ಚೋ ಹೊತ್ತಿಗೆ ಹೀಗೇ ಮಲಗಿದ್ಳು. ಹೋಗ್ಲಿ, ಮಲಗಲಿ ಅಂತ ಬಿಟ್ಟೆ. ಬೆಳಿಗ್ಗೆ ಏಳಲಿಲ್ಲ.”

“ಇವನಿಗೆ ಜ್ವರ ಇಲ್ಲ ಅಜ್ಜಿ,” ಎಂದಳು ಪಂಕಜಾ.

ಅಜ್ಜಿ ಬಗ್ಗಿ ಕಿಟ್ಟಿಯ ಹಣೆ, ಕತ್ತು, ಅಂಗಾಲು ಮುಟ್ಟಿ ನೋಡಿದಳು. ಆಮೇಲೆ ದೇವರ ಮುಂದೆ ಹೋಗಿ ದೀಪ ಹಚ್ಚಿದಳು. ದಿನಾ ಗಟ್ಟಿಯಾಗಿ ಹೇಳುವ ಸ್ತೋತ್ರವನ್ನು ಅಂದು ಬರೀ ತುಟಿಯಲ್ಲೇ ಹೇಳಿಕೊಂಡಳು.

ಪಂಕಜಾಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಆಚೆ ಹಾಲಿನವನ ಸೈಕಲ್ ಬೆಲ್ ಕೇಳಿಸುತ್ತಿತ್ತು. ಯಾರೂ ಅವಳ ರೆಪ್ಪೆ ಎತ್ತಿರಲಿಲ್ಲ. ಯಾರೂ ಅತ್ತಿರಲಿಲ್ಲ. ಪುಟ್ಟಲಕ್ಷ್ಮಿ ನೆನಪಾದಳು. ಥಟ್ಟನೆ ಎದ್ದು ಕುಳಿತಳು.

ಕಿಟ್ಟಿಯ ಪಕ್ಕದಲ್ಲಿ ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಕೈ ಅವನ ಎದೆಯ ಮೇಲಿತ್ತು.

“ಉಸಿರಾಡ್ತಿದಾನೆ,” ಎಂದಳು ಅಜ್ಜಿ ಪಿಸುದನಿಯಲ್ಲಿ. “ಆರು ಹೊಡೀತು. ನಿಮ್ಮಮ್ಮಾನೂ ಎದ್ದಿಲ್ಲ.”

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದರು. “ಪೋಸ್ಟ್ ಆಫೀಸ್ ಬಾಗಿಲು ತೆಗೆಯೋ ಹೊತ್ತಿಗೇ ಹೋಗ್ತೀನಿ ಕಣಮ್ಮ,” ಎಂದು ಪಂಕಜಾಳ ಜಡೆ ಮೆಲ್ಲಗೆ ಎಳೆದರು.

ಪಂಕಜಾಗೆ ಕುಣಿಯಬೇಕೆನಿಸಿತು. ಆದರೆ ಅಜ್ಜಿಯ ಹಾಸಿಗೆಯ ಕಡೆ ನೋಡಿದಳು. ಅದು ಸುತ್ತಿಟ್ಟ ಹಾಗೇ ಮೂಲೆಯಲ್ಲಿತ್ತು. ಅಜ್ಜಿಯ ಕಣ್ಣು ಕೆಂಪಾಗಿತ್ತು. ಎಲ್ಲ ಸರಿಯಾಗಿದ್ದರೂ ಅವಳು ಕೈ ತೆಗೆದಿರಲಿಲ್ಲ.

ಪಂಕಜಾ ಹಾಸಿಗೆ ಬಿಚ್ಚಿ ಹಾಸಿದಳು. ಸದ್ದಾಗದಂತೆ ಬಂದು ಅಜ್ಜಿಯ ಪಕ್ಕ ಕುಳಿತಳು.

“ನೀನು ಮಲಕ್ಕೋ ಅಜ್ಜಿ. ನಾನು ಕೈ ಇಟ್ಟಿರ್ತೀನಿ.”

“ತೆಗೆಯಲ್ಲ ತಾನೆ?”

“ಇಲ್ಲ.”

ಅಜ್ಜಿ ಮೆಲ್ಲಗೆ ಕೈ ಎತ್ತಿದಳು. ಪಂಕಜಾ ತನ್ನ ಕೈಯನ್ನು ಅದೇ ಜಾಗದಲ್ಲಿ ಇಟ್ಟಳು. ಅಲ್ಲಿ ಬೆಚ್ಚಗಿತ್ತು. ಅವಳ ಅಂಗೈ ಕೆಳಗೆ ಕಿಟ್ಟಿಯ ಎದೆ ಏರುತ್ತಿತ್ತು, ಇಳಿಯುತ್ತಿತ್ತು.