ಗುಂಯ್ ಅಂತದೆ ಕಣ್ರೀ

"ನಿಮ್ಮ ಆಂಪು ನನ್ನ ತುಟಿ ಸುಟ್ಟಾಕ್ಬುಡ್ತು ಕಣ್ರೀ!"

ಬಾಗಿಲಲ್ಲಿ ನಿಂತವನು ಹೀಗೆ ಕೂಗಿದಾಗ ನಾನು ಸಾಲ್ಡರಿಂಗ್ ಕಡ್ಡಿ ಹಿಡಿದು ಕೂತಿದ್ದೆ. ತಲೆ ಎತ್ತಿದೆ. ಲಕ್ಷಣವಾದ ಹುಡುಗ. ಕೆಳತುಟಿಯ ಮೇಲೆ ಬಿಳಿ ಗುಳ್ಳೆ. ಹೆಗಲಲ್ಲಿ ಗಿಟಾರು, ಕಾಲ ಬಳಿ ಆಂಪ್ಲಿಫೈಯರಿನ ಪ್ಲೈವುಡ್ ಪೆಟ್ಟಿಗೆ. ಪೆಟ್ಟಿಗೆ ನನ್ನ ಕೈಯದೇ, ಚಾಮರಾಜನಗರದ ಸೌಂಡ್ ಸಿಸ್ಟಂ ಅಂಗಡಿಯೊಂದಕ್ಕೆ ಮಾಡಿಕೊಟ್ಟಿದ್ದೆ; ಅವರಿಂದ ಇವನು ಕೊಂಡಿದ್ದನಂತೆ.

"ಏನಾಯ್ತು?"

"ತೆರಕಣಾಂಬಿಲಿ ಮದ್ವೆ ರಿಸೆಪ್ಷನ್ನು. ಗಿಟಾರ್ ಹಿಡ್ಕಂಡು ಮೈಕ್‌ಗೆ ಬಾಯಿಟ್ಟೆ ನೋಡಿ, ಪಟಾರ್ ಅಂತು. ನಾನು ಎಗರಿ ಬಿದ್ರೆ ಜನ ಡ್ಯಾನ್ಸು ಅನ್ಕಂಡು ಚಪ್ಪಾಳೆ ಹೊಡುದ್ರು."

ನಗು ಬಂತು, ನುಂಗಿಕೊಂಡೆ. ಪ್ಲಗ್ ಎತ್ತಿ ನೋಡಿದ ಮೇಲೆ ನಗು ಹಾರಿಯೇ ಹೋಯಿತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಇರಲೇ ಇಲ್ಲ.

"ಅರ್ತ್ ಪಿನ್ ಯಾರು ಕಿತ್ತಿದ್ದು?"

"ನಾನೆಯಾ. ಗುಂಯ್ ಅಂತಿತ್ತು. ಅದ ಕಿತ್ರೆ ನಿಂತೋಯ್ತದೆ. ಗಿಟಾರ್ ನುಡ್ಸೋರೆಲ್ಲ ಕೀಳ್ತಾರೆ."

"ಎಲ್ಲರೂ ಕೀಳ್ತಾರಂತೆ! ಪೆಟ್ಟಿಗೆ ಮೈಗೆ ಕರೆಂಟು ಸೋರಿದ್ರೆ ನೆಲಕ್ಕೆ ಕಳ್ಸೋದೇ ಆ ಪಿನ್ನು. ಅದಿಲ್ದೆ ನಿಮ್ಮ ತುಟಿ ದಾರಿ ಹಿಡೀತು. ಪ್ರಾಣ ಹೋಗಿದ್ರೆ ಯಾರ್ರೀ ಹೊಣೆ? ಬುದ್ಧಿಗಿದ್ಧಿ ಇದ್ಯಾ?"

ಕೋಪ ಬಂದರೆ ಎದುರಿಗೆ ಯಾರಿದ್ದಾರೆ ಅಂತ ನೋಡುವವಳಲ್ಲ ನಾನು. ಅವನು ಬೈಸಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. "ಇದ ಮಾಡಿದ್ದು ನೀವೇನಾ?" ಎಂದ.

"ಅಲ್ಲ, ನಮ್ಮ ಬೆಕ್ಕು."

ಒಳಗಿನಿಂದ ಅವ್ವ ಕೂಗಿದಳು. "ಬೈದಿದ್ದು ಆಯ್ತೇನಮ್ಮಿ? ಆಗಿದ್ರೆ ಕಾಪಿ ತತ್ತೀನಿ."

ಅಪ್ಪ ಇಲ್ಲೇ ಗುಂಡ್ಲುಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಅವನ ಪಕ್ಕ ಕೂತೇ ನಾನು ಕೆಲಸ ಕಲಿತವಳು. ಅವನು ಹೋದ ಮೇಲೆ ಅಂಗಡಿ ಬಿಟ್ಟು ಸಾಮಾನನ್ನೆಲ್ಲ ಮನೆಯ ಮುಂದಿನ ಕೋಣೆಗೆ ತಂದುಕೊಂಡೆ. ಮೈಸೂರಿನಿಂದ ಟ್ರಾನ್ಸಿಸ್ಟರ್, ಟ್ರಾನ್ಸ್‌ಫಾರ್ಮರ್ ತರಿಸಿ, ಅಲ್ಯೂಮಿನಿಯಂ ತಗಡು ನಾನೇ ಕೊರೆದು ಗಿಟಾರಿಗೆ, ಕೀಬೋರ್ಡಿಗೆ ಆಂಪ್ಲಿಫೈಯರ್ ಮಾಡುತ್ತಿದ್ದೆ. ತೊಂಬತ್ತೈದನೇ ಇಸವಿಯಲ್ಲಿ ನಮ್ಮ ಬೀದಿಯವರಿಗೆ ಅದೊಂದು ದೊಡ್ಡ ಸೋಜಿಗ. ಈ ಶಿವರಂಜಿನಿಯನ್ನು, ಅಂದರೆ ನನ್ನನ್ನು, ಯಾರು ಕಟ್ಟಿಕೊಳ್ಳುತ್ತಾರೋ ಅಂತ ಅವರಿಗೇ ಹೆಚ್ಚು ಚಿಂತೆ.

ಇವನ ಹೆಸರು ನಿಂಗರಾಜು. ಚಾಮರಾಜನಗರದಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದ. ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾದ ಗಿಟಾರಿಸ್ಟ್. ಪ್ಲಗ್ಗೇನೋ ಅವತ್ತೇ ಬದಲಿಸಿದೆ. ಆದರೆ ಗುಂಯ್ ಅನ್ನುವುದನ್ನು ಸರಿಯಾದ ದಾರಿಯಲ್ಲಿ ತೆಗೆಯಬೇಕಲ್ಲ? ಅದಕ್ಕೆ ಗಿಟಾರ್ ನುಡಿಸುವ ಕೈ ಬೇಕು, ನನಗೆ ನುಡಿಸಲು ಬಾರದು. "ಭಾನುವಾರ ಬನ್ನಿ" ಅಂದೆ.

ಬಂದ. ಒಳಗಿನ ಅರ್ತ್ ವೈರುಗಳನ್ನೆಲ್ಲ ಬಿಚ್ಚಿ ಒಂದೇ ಸ್ಕ್ರೂಗೆ ತಂದು ಕಟ್ಟಿದೆ. ಮುಂದಿನ ವಾರ ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯ ಇನ್ನೊಂದು ಮೂಲೆಗೆ ಸರಿಸಿದೆ. ಗುಂಯ್ ಇಳಿಯುತ್ತ ಬಂತು. ಆಮೇಲೆ ಅವನಿಗೆ ಟ್ರೆಬಲ್ಲಿನ ಚೂಪು ದನಿ ಇನ್ನಷ್ಟು ಬೇಕೆನಿಸಿತು, ಕೆಪಾಸಿಟರ್ ಬದಲಿಸಿದೆ. ಸ್ವರ ಒಂಚೂರು ಹರಿದ ಹಾಗೆ ಕೇಳಬೇಕು ಅಂದ. ಪುಟಾಣಿ ಡಯೋಡುಗಳನ್ನು ಎದುರುಬದುರು ಹಾಕಿ ಕೊಟ್ಟೆ. ಅವನು ಒಮ್ಮೆ ತಂತಿ ಮೀಟಿದ್ದೇ ತಡ, ಕಿಟಕಿಯೆಲ್ಲ ಅದುರಿತು.

"ಏನ್ರೀ ಇದು! ನಿಮ್ಮ ಕೋಪ ಒಸಿ ಇದ್ರೊಳಕ್ಕೂ ಹಾಕ್ಬುಟ್ರಾ?"

"ಬೇಕಿದ್ರೆ ವಾಲ್ಯೂಮ್ ಕಮ್ಮಿ ಮಾಡ್ಕಳಿ."

"ನಿಮ್ಮದ ಕಮ್ಮಿ ಮಾಡಕ್ಕೆ ಗುಂಡಿ ಎಲ್ಲದೆ?"

ನುಡಿಸುವಾಗ ಅವನು ತನ್ನ ಬೆರಳು ನೋಡಿಕೊಳ್ಳುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ನಾನು ತಿರುಗಿದರೆ ಸಾಕು, ಕಣ್ಣು ಸೀಲಿಂಗ್ ಫ್ಯಾನಿನ ಕಡೆ. ಆ ಫ್ಯಾನು ಕೆಟ್ಟು ಎಷ್ಟೋ ಕಾಲವಾಗಿತ್ತು.

ಸೋಮವಾರ ಬಂತೆಂದರೆ ನನಗೆ ಚಡಪಡಿಕೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚಾಮರಾಜನಗರದ ಬಸ್ಸು ಹಾರ್ನ್ ಹೊಡೆದರೆ ಕೈಯಲ್ಲಿದ್ದ ಸ್ಕ್ರೂ ನೆಲದಲ್ಲಿ. ಒಂದಿನ ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದೆ. ಅವ್ವ ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, ಮಜ್ಜಿಗೆ ಹಾಕಿಕೊಂಡು ಉಂಡಳು.

ನನಗೆ ಅವನು ಬೇಕಾಗಿದ್ದ. ಮುಚ್ಚುಮರೆ ಯಾಕೆ? ಆದರೆ ಮೊದಲು ಅವನೇ ಬಾಯಿಬಿಡಲಿ ಅನ್ನುವ ಹಟ.

ಹಾಗಿರುವಾಗ ಒಂದು ಭಾನುವಾರ, ಕಾಫಿ ಲೋಟ ತಿರುಗಿಸುತ್ತ ಅವನು ಹೇಳಿದ. "ಊಟಿಲಿ ಒಂದು ಹೋಟ್ಲು ಬ್ಯಾಂಡಿಗೆ ಕರ್ದವ್ರೆ. ದಿನಾ ಸಂಜೆ ನುಡ್ಸದು, ಪರ್ಮನೆಂಟು. ಸ್ವಂತ ಆಂಪು ಇರ್ಬೇಕಂತೆ. ಇದೊಂದು ರೆಡಿಯಾದ್ರೆ ಹೋಯ್ತೀನಿ."

"ಒಳ್ಳೇದಾಯ್ತು" ಅಂದೆ. ಅವನ ಕೈಯ ಲೋಟ ಕಿತ್ತುಕೊಂಡು ಒಳಗೆ ಹೋದೆ.

ಇವನನ್ನು ಊಟಿ ಬಸ್ಸು ಹತ್ತಿಸುವ ಸಾಮಾನನ್ನು ನಾನೇ ಕೂತು ಮಾಡಬೇಕು. ಒಂದು ವೈರು ಸಡಿಲ ಬಿಟ್ಟಿದ್ದರೆ ಸಾಕಿತ್ತು. ಬಿಡಲು ಕೈ ಬರಲಿಲ್ಲ. ಅಪ್ಪ ಕಲಿಸಿದ ಕೈಯದು, ಕೆಟ್ಟ ಕೆಲಸ ಅದಕ್ಕೆ ಗೊತ್ತಿಲ್ಲ. ಅಳುತ್ತಲೇ ಸಾಲ್ಡರ್ ಹಾಕಿದೆ. ಹೊಗೆ ಕಣ್ಣಿಗೆ ಹೋಯಿತು ಅಂತ ಅವ್ವನಿಗೆ ಹೇಳಿದೆ.

ಮುಂದಿನ ಭಾನುವಾರ ಆಂಪ್ ಹಾಕಿ, ಸ್ಪೀಕರಿಗೆ ಕಿವಿ ಇಟ್ಟೆ. ಗುಂಯ್ ಅನ್ನುವ ಸದ್ದೇ ಇಲ್ಲ. ಅಳೆಯಲು ಜೋಡಿಸಿದ ಮೀಟರಿನ ಮುಳ್ಳೂ ಅಲುಗಲಿಲ್ಲ.

ನಿಂಗರಾಜು ಬಗ್ಗಿ ಕೇಳಿಸಿಕೊಂಡ. "ಒಸಿ ಗುಂಯ್ ಅಂತದೆ ಕಣ್ರೀ."

"ಎಲ್ಲಿ?"

"ಅಗೋ. ಸಣ್ಣಗೆ."

ಬಿಚ್ಚಿದೆ, ಮತ್ತೆ ಜೋಡಿಸಿದೆ. ಅದರ ಮುಂದಿನ ವಾರವೂ "ಗುಂಯ್ ಅಂತದೆ." ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನನ್ನ ಕಿವಿಯೇ ಹೋಯಿತೋ, ಕೈಯೇ ಕೆಟ್ಟಿತೋ ಅಂತ ವಾರವಿಡೀ ಒದ್ದಾಡಿದೆ. ಮತ್ತೆ ಬಂದಾಗಲೂ ಅದೇ ರಾಗ ತೆಗೆದ.

"ಸರಿ, ಕಣ್ಣು ಮುಚ್ಚಿ ಕೇಳಿ. ಹಿಂದಿನಿಂದ ಒಂದೊಂದೇ ವೈರ್ ಮುಟ್ಟಿ ನೋಡ್ತೀನಿ" ಅಂದೆ. ಪೆಟ್ಟಿಗೆಯ ಹಿಂದೆ ಹೋಗಿ ಮೆಲ್ಲಗೆ ಪ್ಲಗ್ಗನ್ನೇ ಗೋಡೆಯಿಂದ ಕಿತ್ತೆ. ಮುಂದಿನ ಕೆಂಪು ದೀಪ ಮಸುಕಾಗಿ ಆರಿತು.

"ಈಗ?"

"ಅದೇ ಅದೇ. ಗುಂಯ್ ಅಂತನೇ ಅದೆ."

"ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?"

"ಒಸಿ ಜಾಸ್ತಿನೇ ಆದಂಗದೆ."

ಪ್ಲಗ್ಗನ್ನು ತಂದು ಅವನ ಮೂಗಿನ ಮುಂದೆ ಹಿಡಿದೆ. "ಕಣ್ಣು ಬಿಡಿ."

ಬಿಟ್ಟ. ಪ್ಲಗ್ ನೋಡಿದ, ದೀಪ ನೋಡಿದ, ನನ್ನನ್ನು ನೋಡಿದ. ಕಿವಿಯ ತುದಿಯವರೆಗೆ ಕೆಂಪಾದ.

"ಅದು ರೆಡಿಯಾದ್ರೆ ಊಟಿಗೆ ಹೋಗ್ಬೇಕಲ್ಲ... ಭಾನುವಾರ ತಪ್ಪೋಯ್ತದೆ" ಎಂದ.

"ಊಟಿಯವ್ರಿಗೆ ಏನಂದ್ರಿ?"

"ಆಂಪು ಇನ್ನೂ ಸರಿಯಾಗಿಲ್ಲ ಅಂತ ಎಸ್‌ಟಿಡಿ ಬೂತಿಂದ ಹೇಳ್ತಾನೇ ಬಂದೆ. ನಾಳೆ ಬರ್ನಿಲ್ಲ ಅಂದ್ರೆ ಬೇರೆಯವ್ರ ತಕ್ಕತಾರಂತೆ. ನಾನು ಹೋಗಲ್ಲ ಬುಡಿ."

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಕೋಪ ಮುಂದೆ ನಿಂತಿತು. "ನನ್ನ ಕೆಲಸದ ಹೆಸರು ಕೆಡಿಸಿದ್ರಾ? ಹೋಗಿ, ಹೋಗಿ ಎಲ್ಲರಿಗೂ ಕೇಳೋ ಹಂಗೆ ನುಡಿಸಿ! ನಾನಿಲ್ಲೇ ಇರ್ತೀನಿ, ನನ್ನನ್ನೇನೂ ಹದ್ದು ಕಚ್ಕಂಡು ಹೋಗಲ್ಲ. ನನ್ನ ನೆಪ ಹೇಳಿ ಕೂತ್ಕಂಡ್ರೆ ನಾಳೆ ನಿಮ್ಮ ಮುಖ ನೋಡೋಕೆ ನಂಗೇ ಆಗಲ್ಲ. ನನ್ನನ್ನ ಕೇಳೋದೇನಾದ್ರೂ ಇದ್ರೆ ಕೇಳಿ ಹೋಗಿ, ಅಷ್ಟೆ."

ಅವನು ಎದ್ದ. ನನ್ನನ್ನು ಕೇಳಲಿಲ್ಲ, ಮಹಾಶಯ! ನೇರ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತು, "ಅವ್ವ, ನಿಮ್ಮ ಮಗ್ಳ ನಂಗೆ ಕೊಡಿ" ಅಂದ.

ಅವ್ವ ಮುದ್ದೆ ತಿರುವುತ್ತಿದ್ದವಳು ಕೋಲು ಬಿಡಲಿಲ್ಲ. "ಊಟಿಲಿ ರೇಡಿಯೋ, ಟೇಪ್‌ರೆಕಾರ್ಡರು ಎಲ್ಲ ಕೆಡ್ತವೇನಪ್ಪ?"

"ಕೆಡ್ತವೆ ಕಣವ್ವ. ಅಲ್ಲಿ ಶೀತ ಅಲ್ವಾ, ಬೇಗನೆ ಕೆಡ್ತವೆ."

"ಅಂಗಾದ್ರೆ ಸರಿ. ಇವ್ಳ ಸುಮ್ನೆ ಕೂರ್ಸುದ್ರೆ ಮನುಸ್ರನ್ನೇ ಬಿಚ್ಚಾಕ್ತಾಳೆ. ಮೊದ್ಲು ಕೆಲ್ಸಕ್ಕೆ ಓಗಿ ಸೇರ್ಕ. ಆಮೇಲೆ ನಿಮ್ಮನೆಯವ್ರ ಕರ್ಕಂಡ್ ಬಾ, ಮಾತಾಡನ."

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಆಂಪನ್ನು ಇಬ್ಬರೂ ಹಿಡಿದು ಊಟಿ ಬಸ್ಸಿಗೆ ಹತ್ತಿಸಿದೆವು. ಅವನ ಬೆರಳು ನನ್ನ ಬೆರಳಿಗೆ ತಾಗಿ ಅಲ್ಲೇ ಉಳಿಯಿತು. ಕಂಡಕ್ಟರ್ ಬೈಯುವವರೆಗೂ ಉಳಿಯಿತು. ನನಗೆ ಹೇಳಬೇಕಾದ ಒಂದು ಮಾತನ್ನು ಮಾತ್ರ ಅವನು ಇನ್ನೂ ಹೇಳಿರಲಿಲ್ಲ. ನಾನಾಗಿ ಕೇಳಲೂ ಇಲ್ಲ.

ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಆಗ ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಸ್ ಸ್ಟ್ಯಾಂಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದ.

"ರಂಜಿನೀ! ನೀನಂದ್ರೆ ನಂಗೆ ಪ್ರಾಣ ಕಣಮ್ಮಿ!"

ಎಳನೀರು ಕೊಚ್ಚುತ್ತಿದ್ದವನು ಎತ್ತಿದ ಕತ್ತಿ ಹಿಡಿದು ಹಾಗೇ ನಿಂತ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸಿನ ಹಿಂದೆಯೇ ಓಡಿದೆ.

"ಏನಂದೆ? ಕೇಳಿಸ್ಲಿಲ್ಲ, ಜೋರಾಗಿ ಹೇಳು!"

ಕೇಳಿಸಿತ್ತು. ಇನ್ನೊಂದು ಸಲ ಬೇಕಾಗಿತ್ತು, ಅಷ್ಟೆ.